ಕಂಕುಳಲ್ಲಿನ ಕೆರ

ಈ ಕಥೆಯನ್ನು ಮೊದಲು ಹೇಳಿದವಳು ನಮ್ಮ ದೊಡ್ಡವ್ವ, ಪೆದ್ದಕಡುಬೂರಿನ ನಮ್ಮ ಮನೆಯಲ್ಲಿ, ಬಿತ್ತನೆಯ ಶೇಂಗಾ ಸುಲಿಯುತ್ತಿದ್ದ ಒಂದು ಮಧ್ಯಾಹ್ನ. ಆಗ ನಾನಿನ್ನೂ ಲಂಗದ ಹುಡುಗಿ. ಇವತ್ತು ಮೊಮ್ಮಗಳು ಅಂಗಡಿಯಲ್ಲಿ ಗುಡ್ಡ ಹತ್ತುವ ಬೂಟು ಆರಿಸುತ್ತಿದ್ದಾಗ, ಹೊಸ ಚರ್ಮದ ವಾಸನೆಗೆ ಅದು ನೆನಪಾಯಿತು.

ದೊಡ್ಡವ್ವ ಹೊಸ ಸೊಸೆಯಾಗಿ ಬಂದಾಗ, ಕುರಿ ಹಿಂದೆ ಗುಡ್ಡ ಹತ್ತಲೆಂದು ದೊಡ್ಡಪ್ಪ ಆದೋನಿಯಲ್ಲಿ ದಪ್ಪ ಅಟ್ಟೆಯ ಚರ್ಮದ ಕೆರ ಹೊಲಿಸಿ ತಂದಿದ್ದನಂತೆ. ಆದರೆ ಮಾವನ ಎದುರು ಸೊಸೆ ಕೆರ ಮೆಟ್ಟುವಂತಿರಲಿಲ್ಲ. ಮಾವ ಎಂದರೆ ನಮ್ಮ ತಾತ. ಅವನೂ ಅದೇ ಗುಡ್ಡದಲ್ಲಿ ಕುರಿ ಮೇಯಿಸುತ್ತಿದ್ದ.

"ಕಾದ ಬಂಡೆ ಮ್ಯಾಲಿಂದ ಇಳಿಯಾಕತ್ತಿದ್ದೆ. ಕೆಳಗ ಮಾವನ ರುಮಾಲು ಕಂಡ್ತು. ಕೆರ ತಗದು ಕಂಕುಳಾಗ ಇಟ್ಕೊಂಡೆ. ಅಂಗಾಲು ಚುರ್ ಅಂತು, ಜಾರಿದೆ."

ಮುರಿದ ಕಾಲು ಸೊಟ್ಟಗೇ ಕೂಡಿಕೊಂಡಿತು. ನಾನು ಕಂಡಾಗಿನಿಂದ ದೊಡ್ಡವ್ವ ಕುಂಟುತ್ತಲೇ ಇದ್ದಳು.

"ಮಾವ ಏನಂದ್ರಕ್ಕ?" ಎಂದಳು ಜೊತೆಗೆ ಸುಲಿಯುತ್ತಿದ್ದ ನಮ್ಮವ್ವ.

"ಪಾಪ, ಹೊತ್ಕೊಂಡು ಬಂದ್ರು. ದಾರಿಯಾಗ ಅಂದ್ರು, ‘ಮರ್ಯಾದಿ ಉಳಿಸಿದಿ ತಾಯಿ’ ಅಂತ."

ಅವ್ವ ಕೈಯಲ್ಲಿದ್ದ ಶೇಂಗಾ ಬಿಸಾಡಿದಳು. "ಬೆಂಕಿ ಬೀಳ್ಲಿ ಆ ಮರ್ಯಾದಿಗೆ! ಕಾಲು ಹೋದ ಮ್ಯಾಲ ಮರ್ಯಾದಿ ಮ್ಯಾಲ ನಡೀತಿಯೇನಕ್ಕ? ನನ್ನ ಮಗಳಿಗಂತೂ ಈ ಗತಿ ಬರಗೊಡಾಂಗಿಲ್ಲ."

ಮರುದಿನ ಬೆಳಿಗ್ಗೆ ಅವ್ವ, ನಾನು ಕಟ್ಟಿಗೆಗೆಂದು ಗುಡ್ಡ ಹತ್ತಿದೆವು. ಎದುರಿಗೆ ತಾತ ಕುರಿ ಹೊಡೆದುಕೊಂಡು ಬಂದ. ಅವ್ವ ಕೆರ ತೆಗೆದು ಕಂಕುಳಲ್ಲಿಟ್ಟುಕೊಂಡಳು. ಆಮೇಲೆ ನನ್ನ ಕಾಲು ನೋಡಿದಳು.

"ನೀನೂ ತಗಿ. ಈಗಿಂದಾನ ರೂಢಿ ಆಗ್ಲಿ."