ಗಂಜಿ ಕುಡಿದ ಕೌದಿ

ಗುರುವಾರ ಬೆಳಿಗ್ಗೆ ಕೊತ್ತತ್ತಿಯ ಹೊಂಬಾಳಮ್ಮ ಡೈರಿ ಸೆಕ್ರೆಟರಿ ಕೆಂಪಸಿದ್ದಯ್ಯನ ಕಾಲಿಗೆ ಬಿದ್ದಳು. ಬೀಳಬೇಕೆಂದು ಬಿದ್ದದ್ದಲ್ಲ. ಹಿಂದಿನ ದಿನ ಯಲಿಯೂರಿನಿಂದ ಹೊಲಿಸಿ ತರಿಸಿದ ಕೌದಿ ಬೆಚ್ಚಗಿದೆಯೋ ಇಲ್ಲವೋ ನೋಡೋಣವೆಂದು ಕಾಲ ಮೇಲೆ ಹಾಕಿಕೊಂಡು ಕೂತಿದ್ದಳು. ಬಾಗಿಲಲ್ಲಿ ಆತ ಕಂಡದ್ದೇ ದಡಕ್ಕನೆ ಎದ್ದಳು. ಕಾಲುಂಗುರ ಕೌದಿಯ ಹೊಲಿಗೆಗೆ ಸಿಕ್ಕಿಕೊಂಡಿತ್ತು. ಒಂಟಿಕಾಲಲ್ಲಿ ಮೂರು ಸಲ ಕುಪ್ಪಳಿಸಿದಳು, ನಾಲ್ಕನೆಯದಕ್ಕೆ ಸಾಷ್ಟಾಂಗ. ಅವಳಿಗಿಂತ ಹತ್ತು ವರ್ಷ ಚಿಕ್ಕವನಾದ ಸೆಕ್ರೆಟರಿ ಗಾಬರಿಯಲ್ಲಿ ಬೇರೇನೂ ತೋಚದೆ, "ಒಳ್ಳೇದಾಗ್ಲಿ ಕಣಕ್ಕ" ಎಂದು ಹರಸಿಬಿಟ್ಟ.

ಒಳಗಿಂದ ಬಂದ ಗಂಡ ಪುಟ್ಟರಾಜು ಹೆಂಡತಿಯನ್ನು ಎಬ್ಬಿಸುವ ಮೊದಲು ಕೌದಿಯನ್ನು ಎತ್ತಿ ನೋಡಿದ. "ಇದೇನು ಹೊಲಿಗೆಯೋ ಹೊಲವೋ? ಈ ಸಾಲ್ಗೆ ಕಬ್ಬು ನೆಡ್ಬೋದು ಕಣೆ. ಮೋಟ್ರು ಆನ್ ಮಾಡ್ಲಾ?"

"ನೀ ಸುಮ್ಕಿರಪ್ಪ," ಎಂದಳು ಮಗಳು ವೀಣ, ಐದು ತಿಂಗಳ ಗಗನಳನ್ನು ಸೊಂಟಕ್ಕೇರಿಸಿಕೊಂಡು. "ನನ್ ಮಗಿನ ಬೆರಳು ಇದ್ರೊಳಕ್ಕೆ ಸಿಕ್ಕಾಕೊಂಡ್ರೆ? ನಮ್ಮತ್ತೆ ನೋಡುದ್ರೆ ಏನಂದಾರು? ಬುಡವ್ವ, ಆನ್‌ಲೈನಲ್ಲಿ ಒಂದು ತರಿಸ್ಬುಡಾನ."

ತರಿಸುವುದು ಹೇಗೆ? ಬಾಣಂತಿ ಮತ್ತು ಮಗುವನ್ನು ಕರೆದುಕೊಂಡು ಹೋಗಲು ಭಾನುವಾರ ಮಳವಳ್ಳಿಯ ಬೀಗರು ಬರುವವರಿದ್ದರು. ಮೊಮ್ಮಗುವಿನ ಜೊತೆ ತಾಯಿಯ ಕಡೆಯ ಹಳೇ ಸೀರೆಗಳ ಕೌದಿ ಹೋಗಲೇಬೇಕು. ಹೊಂಬಾಳಮ್ಮನ ತೀರಿಹೋದ ಅವ್ವನ ನೂಲಿನ ಐದು ಸೀರೆಗಳೂ ಈ ಒಂದು ಕೌದಿಯೊಳಗೇ ಸೇರಿಹೋಗಿದ್ದವು. ಇನ್ನೊಂದಕ್ಕೆ ಸೀರೆಯಿಲ್ಲ. ಬೀಗಿತ್ತಿಯಂತೂ ಬೀಗುವುದಕ್ಕೆಂದೇ ಹುಟ್ಟಿದವರು; ನಾಮಕರಣದ ದಿನ ಪಾಯಸದ ದ್ರಾಕ್ಷಿ ಎಣಿಸಿದ್ದರು.

ಹೊಲಿದವಳಿಗೆ ನಾಲ್ಕು ಮಾತು ಅಂದು ರಿಪೇರಿ ಮಾಡಿಸಬೇಕು. ತೊಂದರೆಯಿದ್ದದ್ದು ಅಲ್ಲೇ. ಬೈಗುಳಗಳೆಲ್ಲ ಹೊಂಬಾಳಮ್ಮನಿಗೆ ಬಾಯಿಪಾಠ, ಬಾಯಿಗೆ ಮಾತ್ರ ಬರುತ್ತಿರಲಿಲ್ಲ. ಕೊಳೆತ ಟೊಮೆಟೊ ತೂಗಿದವನಿಗೂ "ಬರ್ಲಾ ಅಣ್ಣ" ಎಂದು ಹೇಳಿ ಬರುವ ಹೆಂಗಸು. ಗುರುವಾರವಿಡೀ ಅವಳು ಕೂತಲ್ಲಿ ಕೂರಲಿಲ್ಲ. ಗುಡಿಸಿದ ಪಡಸಾಲೆಯನ್ನೇ ಮತ್ತೆ ಗುಡಿಸಿದಳು. ಹಾಲು ಉಕ್ಕಿಸಿದಳು. ಕೌದಿ ಮಡಿಸಿದಳು, ಬಿಚ್ಚಿದಳು, ಹೊಲಿಗೆಗೆ ಹೆಬ್ಬೆರಳು ತೂರಿಸಿ ನೋಡಿ ಮತ್ತೆ ಮಡಿಸಿದಳು.

ಶುಕ್ರವಾರ ಕೌದಿ ಹೊತ್ತುಕೊಂಡು ಮೊದಲ ಬಸ್ಸಿಗೇ ಹೊರಟಳು. ದಾರಿಯುದ್ದಕ್ಕೂ ತುಟಿಯೊಳಗೇ ಬೈಯುವ ತಾಲೀಮು. ಕಂಡಕ್ಟರ್ ಬಂದು, "ಎಲ್ಲಿಗಮ್ಮ?" ಎಂದ.

"ನಾಚ್ಕೆ ಆಗಕಿಲ್ವಾ ನಿಂಗೆ?" ಅಂದುಬಿಟ್ಟಳು.

ಆತ ಎರಡು ಸೀಟು ಮುಂದೆ ಹೋಗಿ, ಧೈರ್ಯ ತಂದುಕೊಂಡು ವಾಪಸ್ ಬಂದು ಟಿಕೆಟ್ ಕೊಟ್ಟ.

ಮಂಡ್ಯದಲ್ಲಿ ಬಸ್ಸು ಬದಲಿಸಿ ಯಲಿಯೂರು ಸೇರಿದಾಗ, ಕೌದಿ ಹೊಲಿಯುವ ಸಣ್ಣತಾಯಮ್ಮ ಜಗಲಿಯ ಮೇಲೇ ಇದ್ದಳು. ಹೊಂಬಾಳಮ್ಮ ಬಾಯಿ ತೆರೆಯುವಷ್ಟರಲ್ಲಿ ಅವಳೇ ಶುರುಮಾಡಿದಳು.

"ಬಾರವ್ವ, ಬಾ. ನಾನೇ ನಿಮ್ಮೂರ್ಗೆ ಬರಾನ ಅಂತಿದ್ದೆ, ಬೈಯಾಕೆ. ಹಳೇ ಸೀರೆ ಕಳ್ಸು ಅಂದ್ರೆ ಹಪ್ಪಳ ಕಳುಸ್ದಲ್ಲ! ಮೂರು ಸೂಜಿ ಮುರುದೋ. ಹರುಕು ಸೀರೆಗೆ ಯಾರಾದ್ರೂ ಗಂಜಿ ಹಾಕಾರಾ?"

ಹೊಂಬಾಳಮ್ಮನ ನಾಲಿಗೆಗೂ ಗಂಜಿ ಹಾಕಿದಂತಾಯಿತು. ಹೌದು, ಹಾಕಿದ್ದಳು. ಗಂಜಿ, ನೀಲಿ, ಇಸ್ತ್ರಿ, ಮೂರೂ. "ಮುದುರಿದ್ದು ಹಂಗೇ ಕಳುಸುದ್ರೆ ನಮ್ಮವ್ವನ್ನ ನೀವು ಏನಂದ್ಕೊಂಡೀರೋ ಅಂತ…" ಎಂದಳು. ಅಷ್ಟರಲ್ಲಿ ಎಲ್ಲಿತ್ತೋ ಒಂದು ಮಾತು ಹೊರಬಿತ್ತು: "ಆದ್ರೂ ಹಿಂಗೆ ಉದ್ದುದ್ದ ಹೊಲಿಯಾಕ್ಮುಂಚೆ ಒಂದ್ಮಾತು ಹೇಳ್ಬೋದಿತ್ತಲ್ಲಕ್ಕ."

ಸಣ್ಣತಾಯಮ್ಮ ಕನ್ನಡಕ ತೆಗೆದು ಸೆರಗಿಗೆ ಒರೆಸಿದಳು. "ಹೇಳ್ಬೋದಿತ್ತು. ಹೇಳಿದ್ರೆ ನೀನು ಸೀರೆ ವಾಪಸ್ ಇಸ್ಕೊಂಡು ಇನ್ಯಾರ್ಗಾದ್ರೂ ಕೊಟ್ಬುಡ್ತಿದ್ದೆ. ಈಗೆಲ್ಲಾ ಕೌದಿ ಹೊಲ್ಸೋರು ಯಾರವ್ರೆ ಹೇಳು?"

ಆಮೇಲೆ ಸಣ್ಣತಾಯಮ್ಮ ಕೌದಿಯನ್ನು ಎತ್ತಿಕೊಂಡು ಬೀದಿಯ ನೀರಿನ ತೊಂಬೆ ಹತ್ತಿರ ನಡೆದಳು. ನಲ್ಲಿ ಬಿಟ್ಟು ತುಳಿದು ತುಳಿದು ಗಂಜಿ ಕಳೆದರು. ಗೋಡೆಯ ಮೇಲೆ ಒಣಹಾಕಿದ್ದನ್ನು ಹೊಂಬಾಳಮ್ಮ ಐದು ನಿಮಿಷಕ್ಕೊಮ್ಮೆ ಹೋಗಿ ತಿರುವಿಹಾಕಿದಳು. "ಅದೇನು ದೋಸೆನಾ? ಬಂದು ಕೂತ್ಕೊ," ಎಂದು ಸಣ್ಣತಾಯಮ್ಮ ಗದರಿದಳು. ಒಣಗಿದ ಮೇಲೆ ಸೂಜಿಗೇ ಸೋಜಿಗವಾಗುವಷ್ಟು ಮೆತ್ತಗಾಗಿತ್ತು. ಹೊತ್ತು ಮುಳುಗುವುದರೊಳಗೆ ಮುಗಿಯಬೇಕಲ್ಲ, ಇಬ್ಬರೂ ಒಂದೊಂದು ಅಂಚಿನಿಂದ ಹಿಡಿದು, ಉದ್ದ ಹೊಲಿಗೆಗಳ ನಡುನಡುವೆ ಸಣ್ಣ ಹೊಲಿಗೆ ಹಾಕುತ್ತ ಬಂದರು. ಕಡೆಯ ಬಸ್ಸಿಗೆ ಹೊಂಬಾಳಮ್ಮ ಓಡಿದಳು.

ಭಾನುವಾರ ಬೀಗರು ಬಂದರು. ಬೀಗಿತ್ತಿ ಕಾಫಿಯನ್ನೂ ಮುಟ್ಟದೆ ಮೊದಲು ಕೌದಿ ಬಿಡಿಸಿದರು. ಒಂದು ಅರ್ಧದ ಮೇಲೆ ಬೆರಳಾಡಿಸಿ, "ಇರುವೆ ಸಾಲು ಹೋದಂಗದೆ," ಎಂದು ಮೆಚ್ಚಿದರು. ಇನ್ನೊಂದು ಅರ್ಧಕ್ಕೆ ಬಂದಾಗ ಹುಬ್ಬು ಗಂಟಾಯಿತು. ಅಲ್ಲಿ ಹೊಲಿಗೆ ಹತ್ತಿರವೇನೋ ಇತ್ತು. ಆದರೆ ಹೆಂಡ ಕುಡಿದ ಹಾಗೆ ಅಡ್ಡಾದಿಡ್ಡಿ ಓಡಿತ್ತು.

"ಇದ್ಯಾರು ಬೀಗಿತ್ತಮ್ಮ, ಈ ಕಡೆ ಹೊಲ್ದೋಳು? ಇಂಥೋಳ ಕೈಗೆ ನಿಮ್ಮವ್ವನ ಸೀರೆ ಕೊಡದಾ?"

ಯಲಿಯೂರು ದೂರದಲ್ಲಿತ್ತು. ಅಲ್ಲಿಯವಳ ಹೆಸರು ಹೇಳಿದ್ದರೆ ಮುಗಿಯುತ್ತಿತ್ತು. ವೀಣ ಅವ್ವನ ಮುಖ ನೋಡಿದಳು. ಪುಟ್ಟರಾಜು ಕೆಮ್ಮಿದ.

"ನಾನೇ ಕಣಮ್ಮ," ಎಂದಳು ಹೊಂಬಾಳಮ್ಮ. "ಕಾಫಿ ಆರೋಯ್ತದೆ, ಕುಡೀರಿ."