ಮುಖ ನೋಡದೆ ಕೊಟ್ಟ ಬನ್ನಿ

ದಸರೆಯ ಸಂಜೆ ತಾಂಡೂರಿನ ಬಜಾರಿನಲ್ಲಿ ಯಾರದೋ ಕೈಗೆ ಬನ್ನಿ ಎಲೆ ಇಟ್ಟು ಮುಂದೆ ಹೊರಟೆ. ಆ ಕೈ ನನ್ನ ಕೈಯನ್ನು ಬಿಡಲಿಲ್ಲ.

"ಯಾರಿಗಿ ಕೊಟ್ಟಿ, ಮಾರಿ ನೋಡಿದೇನೋ ತಮ್ಮಾ?"

ತಲೆ ಎತ್ತಿದೆ. ಬಶೀರಾಬಾದಿನಿಂದ ನಡೆದು ಬಂದ ನನ್ನ ಅಣ್ಣ! ನಮ್ಮಲ್ಲಿ ಚಿಕ್ಕವರು ಮೊದಲು ಮನೆಯ ಹಿರಿಯರಿಗೆ ಬನ್ನಿ ಕೊಟ್ಟು ಕಾಲು ಮುಟ್ಟಬೇಕು, ಊರವರಿಗೆ ಆಮೇಲೆ. ಇಲ್ಲಿ ಶೇಠರ ದವಸದ ಅಡತಿ ಅಂಗಡಿಯಲ್ಲಿ ತಕ್ಕಡಿ ಹಿಡಿದ ಮೇಲೆ ನಾನು ಹಬ್ಬಕ್ಕೆ ಊರಿಗೆ ಹೋಗಿರಲಿಲ್ಲ. ಅದಕ್ಕೇ ಕುರಿಗಳನ್ನು ಬೇರೆಯವರಿಗೆ ಒಪ್ಪಿಸಿ, ಹಿರಿಯನಾದರೂ ತಾನೇ ಬಂದಿದ್ದ. ನಾನೋ ಶೇಠರ ಗಿರಾಕಿಗಳಿಗೆ, ತಹಸೀಲಿನ ಪೇಶ್ಕಾರರಿಗೆ, ಎದುರಾದವರಿಗೆಲ್ಲ "ಬಂಗಾರದಂಗ ಇರೋಣ್ರಿ" ಎನ್ನುತ್ತ ಹಂಚುತ್ತಿದ್ದೆ. ಅಣ್ಣನಿಗೂ ಹಾಗೇ ಅಂದಿದ್ದೆ.

"ನಿಮ್ಮ ಪ್ಯಾಟ್ಯಾಗ ಬಂಗಾರ ಭಾಳ ಸಸ್ತಾ ಅದ ಬಿಡು" ಎಂದು ಅವನು ನಕ್ಕ.

ಆಗಲಾದರೂ ಬಾಗಿ ಅವನ ಕಾಲು ಮುಟ್ಟಬೇಕಿತ್ತು. "ಇಲ್ಲೇ ಅಂಗಡಿ ಕಟ್ಟಿ ಮ್ಯಾಲ ಕೂಡಣ್ಣಾ, ಶೇಠರಿಗಿ ಕೊಟ್ಟು ಬರ್ತೀನಿ" ಎಂದು ಓಡಿದೆ. ಮರಳಿ ಬಂದಾಗ ಅವನಿರಲಿಲ್ಲ. ಅಂಗಡಿಯ ಕಟ್ಟೆಯ ಮೇಲೆ ಬನ್ನಿಯ ಟೊಂಗೆಯೊಂದಿತ್ತು. ನಾನು ತನಗೆ ಕೊಡಲು ಪೇಟೆಯಲ್ಲಿ ಬನ್ನಿ ಸಿಗಲಿಕ್ಕಿಲ್ಲವೆಂದು ಹೊಲದ ಮರದಿಂದ ಮುರಿದು ತಂದಿದ್ದನೇನೋ.

ಈಗಲೂ ಅಂಗಡಿಯಲ್ಲಿ ದಿನವಿಡೀ ಎಷ್ಟೋ ಕೈಗಳಿಗೆ ಕೊಡುತ್ತೇನೆ, ಎಷ್ಟೋ ಕೈಗಳಿಂದ ತೆಗೆದುಕೊಳ್ಳುತ್ತೇನೆ. ರಾತ್ರಿ ಮಲಗಿದಾಗ ಒಂದು ಮುಖವೂ ನೆನಪಿಗೆ ಬರುವುದಿಲ್ಲ. ಆ ಟೊಂಗೆ ಮೂಲೆಯಲ್ಲಿ ಒಣಗಿ ನಿಂತಿದೆ. ಬಶೀರಾಬಾದ್ ಒಂದು ಹೊತ್ತಿನ ದಾರಿ. ನಾನಿನ್ನೂ ಹೋಗಿಲ್ಲ.