ಪರೀಕ್ಷೆಯಲ್ಲಿ ಪಾಸಾದ ನಾಯಿ

ನನ್ನ ಸೋದರಮಾವ ಸುಟ್ಟುಹೋದ ಮೋಟಾರುಗಳಿಗೆ ಹೊಸ ತಾಮ್ರದ ತಂತಿ ಸುತ್ತುವವನು. ಜೀವಮಾನವೆಲ್ಲ ಸುತ್ತಿದ್ದೇ ಸುತ್ತಿದ್ದು, ಅಂಗಡಿಯ ಹೊಸಿಲು ದಾಟಿದ್ದು ಮಾತ್ರ ಅಪರೂಪ. ಅದಕ್ಕೇ ನಮಗೆಲ್ಲ ಅವನು ಸುತ್ತುಮಾವ. ಮದುವೆಯ ಮಾತೆತ್ತಿದರೆ, "ಮಾತಾಡೋರು ಬೇಡಮ್ಮ, ಕೇಳೋರಿದ್ರೆ ಸಾಕು" ಎನ್ನುತ್ತಿದ್ದ. ಕೊನೆಗೆ ಕೇಳುವುದಕ್ಕೆಂದು ಒಂದು ನಾಯಿಮರಿ ತಂದ.

ಆ ಮರಿಯ ಅಜ್ಜಿ ಲಿವರಿನಲ್ಲಿ ತಾಮ್ರ ತುಂಬಿಕೊಂಡು ಸತ್ತಿತ್ತು. ಕೆಲವು ತಳಿಗಳಲ್ಲಿ ಈ ರೋಗ ವಂಶದಲ್ಲೇ ಇಳಿದು ಬರುತ್ತದಂತೆ. ಮಾವ ಮರಿಯ ಜೊಲ್ಲನ್ನು ಜೀನ್ ಪರೀಕ್ಷೆಗೆ ಕಳಿಸಿ, ಫಲಿತಾಂಶ ಬರುವವರೆಗೆ ಅದಕ್ಕೆ ಹೆಸರನ್ನೇ ಇಡಲಿಲ್ಲ. ದೋಷವಿಲ್ಲ ಎಂದು ಬಂದದ್ದೇ ತಡ, ಬೀದಿಗೆಲ್ಲ ಸಾರಿದ: "ನಮ್ಮನೇಲಿ ಮೊದಲನೇ ಸಲಕ್ಕೇ ಪಾಸಾದವನು ಇವನೊಬ್ಬನೇ!" ಹೆಸರೂ ಪಾಸು ಎಂದೇ ಆಯಿತು.

ಪಾಸು ಬೆಳೆದದ್ದು ಅಂಗಡಿಯ ಮೇಜಿನಡಿ, ಮಾವನ ಚಪ್ಪಲಿಯ ಮೇಲೆ ಗದ್ದ ಊರಿಕೊಂಡು. ಅದರ ರೋಮಕ್ಕೆ ಸಿಕ್ಕಿಕೊಂಡ ತಂತಿಯ ಚೂರುಗಳನ್ನು ಮಾವ ಸಂಜೆ ಕೂತು ಆರಿಸುತ್ತಿದ್ದ, ತಾಯಿ ಮಗಳ ತಲೆಯ ಹೇನು ಆರಿಸುವ ಹಾಗೆ.

ಕೆಲವು ವರ್ಷಗಳ ಮೇಲೆ ಪಾಸು ಊಟ ಬಿಟ್ಟಿತು. ಕಣ್ಣು ಹಳದಿಯಾಯಿತು. ವೈದ್ಯೆ ಲಿವರಿನ ಚೂರು ತೆಗೆದು ನೋಡಿಸಿದಾಗ ತಾಮ್ರವೇ ಸಿಕ್ಕಿತು. ಔಷಧಿ ಹಿಡಿಯುವಷ್ಟರಲ್ಲಿ ಕೈ ಮೀರಿತ್ತು; ಪಾಸು ಉಳಿಯಲಿಲ್ಲ.

"ಪಾಸಾಗಿತ್ತಲ್ವಾ ಡಾಕ್ಟ್ರೇ?" ಎಂದ ಮಾವ.

"ಆ ಪರೀಕ್ಷೆ ಗೊತ್ತಿರೋ ದೋಷಾನ ಮಾತ್ರ ಹುಡುಕುತ್ತೆ. ಗೊತ್ತಿಲ್ದೇ ಇರೋವು ಇನ್ನೂ ಎಷ್ಟಿವೆಯೋ. ಪಾಸಾದ್ರೂ ರೋಗ ಬರಬಹುದು, ಫೇಲಾದ್ರೂ ಬರದೇ ಇರಬಹುದು."

ಮಾವ ತಲೆಯಾಡಿಸಿದ. ಮೆಟ್ಟಿಲಿಳಿಯುವಾಗ ನನ್ನ ತೋಳು ಹಿಡಿದು, "ಅವನಲ್ಲಿ ದೋಷ ಇರ್ಲಿಲ್ಲ ಕಣಮ್ಮ. ತಾಮ್ರ ಇದ್ದಿದ್ದು ನನ್ನ ಅಂಗಡೀಲಿ" ಎಂದ.

ನನಗೆ ಮೈಯೆಲ್ಲ ಉರಿಯಿತು. ಅವನನ್ನು ದರದರ ಎಳೆದುಕೊಂಡು ಹೋಗಿ ವೈದ್ಯೆಯ ಮುಂದೆ ಮತ್ತೆ ನಿಲ್ಲಿಸಿದೆ. ಪಾಸುವಿನ ಹೊಟ್ಟೆಯ ಎಕ್ಸ್‌ರೇಯಲ್ಲಿ ತಂತಿಯ ಒಂದು ಚೂರೂ ಇರಲಿಲ್ಲ, ಇದು ಹುಟ್ಟಿನಿಂದಲೇ ಬಂದದ್ದಿರಬೇಕು ಎಂದು ಆಕೆ ಬಿಡಿಸಿ ಹೇಳಿದರು.

"ಹಾಗಾದ್ರೆ ಆ ದೋಷ ತೋರ್ಸಿ" ಎಂದ ಮಾವ.

"ಅದನ್ನ ತೋರ್ಸೋ ಪರೀಕ್ಷೆ ಇನ್ನೂ ಬಂದಿಲ್ಲ."

ಮಾವ ನನ್ನತ್ತ ನೋಡಿದ, ಕೇಳಿದೆಯಾ ಎನ್ನುವಂತೆ. ಆ ಮೊಂಡನಿಗೆ ಮುಂದೆ ಯಾರು ಏನು ಹೇಳಿದರೂ ಕಿವಿಗೆ ಹೋಗಲಿಲ್ಲ.

ಮೊನ್ನೆ ಅಂಗಡಿಗೆ ಹೋಗಿದ್ದೆ. ಎದುರುಮನೆಯ ನಾಯಿಮರಿ ಬಾಲ ಅಲ್ಲಾಡಿಸುತ್ತ ಬಂದು ಮಾವನ ತೊಡೆ ಹತ್ತಿತು. ಅವನು ಅದನ್ನು ಮುಟ್ಟಲೂ ಇಲ್ಲ, ಇಳಿಸಲೂ ಇಲ್ಲ. ಎರಡೂ ಕೈ ಮೇಲೆತ್ತಿಕೊಂಡು ಕೂತುಬಿಟ್ಟ.

"ಬೇಗ ಎತ್ಕೊಳಮ್ಮ ಇದನ್ನ," ಎಂದ. "ನನ್ನ ಕೈಯೆಲ್ಲ ತಾಮ್ರ."